ತೊಂಬತ್ತು ರೂಪಾಯಿ ಹನ್ನೆರಡು ಪೈಸೆ

ಮಲ್ಪೆಯ ನಮ್ಮ ಆಫೀಸಿನ ಗೋಡೆಗೆ ಎರಡು ಗಡಿಯಾರ.
ಒಂದು ನಮ್ಮದು. ಇನ್ನೊಂದು ವೀಗೊ ಬಂದರಿನದು,
ಸೆಲ್ಲು ಹಾಕುವವರಿಲ್ಲದೆ
ಸ್ಪೇನಿನಲ್ಲಿ ಒಂದು ವರ್ಷದಿಂದ ನಾಲ್ಕೂ ಹತ್ತು.

ಮೂರು ಕಂಟೇನರು ಕಪ್ಪೆ ಬೊಂಡಾಸ್,
ಒಂದೊಂದರಲ್ಲೂ ಇಪ್ಪತ್ತೈದು ಟನ್ನು,
ಕಿಲೋಗೆ ನಾಲ್ಕು ಯೂರೋ ಎಂಬತ್ತು ಸೆಂಟು,
ಹಡಗು ಹೊರಟ ತೊಂಬತ್ತನೇ ದಿನಕ್ಕೆ ಹಣ.
ತೊಂಬತ್ತು ದಿನವೆಂದರೇನೆಂದು
ವಾಮನ ಕುಂದರರಿಗೆ ನಾನು ಹೇಳಬೇಕಿಲ್ಲ:
ಬಲೆ ಬಿಡುವುದಕ್ಕೂ ಎಳೆಯುವುದಕ್ಕೂ ನಡುವೆ
ನೀರು ಏನು ಬೇಕಾದರೂ ಮಾಡಬಹುದು.

"ಬಿಡಿ ಫ್ಲೋಸಿ ಬಾಯಿ, ಹಿಂದಿನ ಸಲ ಹಾಗೇ ಬಿಟ್ಟೆವಲ್ಲ,
ಯೂರೋ ಏರಿತು, ಐಸ್ ಪ್ಲಾಂಟಿಗೆ ಮಾಡು ಬಂತು."
ಏರಿದ್ದು ಧಣಿಗಳಿಗೆ ನೆನಪಿರುತ್ತದೆ.
ಇಳಿದ ವರ್ಷ ಯಾರ ಬಳೆ ಸೊಸೈಟಿಗೆ ಹೋಯಿತೆಂದು
ಲೆಡ್ಜರಿನಲ್ಲಿ ಬರೆಯಲು ಕಾಲಮ್ಮಿಲ್ಲ.
ನನಗೆ ಗೊತ್ತು. ಹೋದದ್ದು ನನ್ನ ಕೈಯಲ್ಲೇ,
ಅವರ ಹೆಂಡತಿ ಕರವಸ್ತ್ರದಲ್ಲಿ ಗಂಟು ಕಟ್ಟಿ ಕೊಟ್ಟಿದ್ದರು.

ಬ್ಯಾಂಕಿನ ಪ್ರಫುಲ್ಲಾ ನಾಯಕ್ ಫೋನಿನಲ್ಲಿ:
"ಆಗಸ್ಟಿಗೆ ತೊಂಬತ್ತು ಹನ್ನೆರಡು. ಕಟ್ಟಲೇ?"
ಅವಳ ಹಿಂದೆ ಯಾರೋ ನಾಣ್ಯ ಎಣಿಸುವ ಸದ್ದು,
ನನ್ನ ಹಿಂದೆ ಶೆಡ್ಡಿನಲ್ಲಿ ನಲವತ್ತು ಹೆಂಗಸರು
ಬೊಂಡಾಸಿನ ಮಸಿಚೀಲ ಕೀಳುವ ಸದ್ದು.
ಉಸಿರು ಹಿಡಿದು ಅಂದೆ, "ಕಟ್ಟು. ಮೂರನ್ನೂ."
ಧಣಿ ಸಹಿ ಹಾಕಿದರು, ಪೆನ್ನು ಗೀಚದೆ
ಎರಡು ಸಲ ಕೊಡವಿ.
ಅಪಾಯ ಕಂಡರೆ ಮಸಿ ಉಗುಳಿ ತಪ್ಪಿಸಿಕೊಳ್ಳುವ ಜೀವಿಯನ್ನು ಮಾರಿ
ನಾವೂ ಹಾಳೆಯ ಮೇಲೆ ಅಷ್ಟೇ ಮಾಡಿದೆವು.

ಜೂನಿನಲ್ಲಿ ಬೋಟುಗಳೆಲ್ಲ ದಕ್ಕೆಯಲ್ಲಿ,
ಒಂದಕ್ಕೊಂದು ಹೆಗಲು ತಾಗಿಸಿ, ಹಗ್ಗದಲ್ಲಿ.
ಯೂರೋ ಮಾತ್ರ ಕಡಲಿಗಿಳಿದಿತ್ತು.
ತೊಂಬತ್ತೊಂದು. ತೊಂಬತ್ತೆರಡೂವರೆ. ತೊಂಬತ್ನಾಲ್ಕು ಹನ್ನೆರಡು.
ಧಣಿ ಕ್ಯಾಲೆಂಡರಿನ ಖಾಲಿ ಚೌಕಗಳಲ್ಲಿ
ಪೆನ್ಸಿಲಿನಿಂದ ಲೆಕ್ಕ ಹಾಕುತ್ತಿದ್ದರು,
ಕೊನೆಗೊಂದು ದಿನ ಗಟ್ಟಿಯಾಗಿ ಓದಿದರು:
"ಹದಿನಾಲ್ಕು ಲಕ್ಷದ ನಲವತ್ತು ಸಾವಿರ, ಬಾಯಿ."
ಕಳೆದುಕೊಂಡ ದನದ ಬಣ್ಣ ಹೇಳುವವರ ಹಾಗೆ.

ನಾನೆಂದೆ, ನಮ್ಮ ಹಟ್ಟಿಯಲ್ಲೇ ಇಲ್ಲದ ದನ ಅದು.
ತೊಂಬತ್ತು ಹನ್ನೆರಡಕ್ಕೆ ಕೂಲಿ ಇದೆ, ಡೀಸೆಲ್ಲಿದೆ,
ಮಂಜುಗಡ್ಡೆ ಇದೆ, ನಿಮಗೂ ಒಂದಷ್ಟು ಇದೆ.
ಅವರು ಮಾತಾಡಲಿಲ್ಲ. ಚಹಾ ತಣ್ಣಗಾಯಿತು.
ಎರಡು ವಾರ ನನ್ನನ್ನು ಬಾಯಿ ಎನ್ನಲಿಲ್ಲ, ಮೇಡಂ ಎಂದರು.

ಸರಿ ಎಂದು ಗೆದ್ದವಳಂತೆ ಇದ್ದೆ ನಾನೂ,
ವೀಗೊದಿಂದ ಮೇಲ್ ಬರುವ ತನಕ:
ಎರಡು ಕಂಟೇನರು ಪಾಸು. ಮೂರನೆಯದನ್ನು
ಕ್ಯಾಡ್ಮಿಯಂ ಪರೀಕ್ಷೆಗೆ ತಡೆದಿದ್ದಾರೆ.

ಆ ರಾತ್ರಿ ನಿದ್ದೆ ಇಲ್ಲ.
ಒಂದು ಲಕ್ಷದ ಇಪ್ಪತ್ತು ಸಾವಿರ ಯೂರೋ
ಬ್ಯಾಂಕಿಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ,
ಸರಕು ವಾಪಸಾದರೆ ಅದು ನನ್ನ ಬಳಿ ಇಲ್ಲ.
ಪೇಟೆಯಲ್ಲಿ ಕೊಂಡು ತೊಂಬತ್ತಕ್ಕೆ ಕೊಡಬೇಕು,
ನಾಲ್ಕು ಲಕ್ಷದ ಎಂಬತ್ತು ಸಾವಿರ ಕೈಯಿಂದ.
ಬೆಲೆಗೆ ಬೇಲಿ ಹಾಕಿದ್ದೆ,
ಮೀನಿಗೆ ಯಾರು ಹಾಕುತ್ತಾರೆ?
ಮುಂದಿನ ಸಲ ಮೂರಕ್ಕೆ ಎರಡು ಸಾಕು
ಎಂದು ದಿಂಬಿಗೆ ಹೇಳಿ ಮಗ್ಗುಲಾದೆ.

ಬೆಳಿಗ್ಗೆ ಎಲ್ಲ ಹೇಳಿದೆ. ಬೈಗುಳಿಗೆ ಕಾದು ನಿಂತೆ.
ಧಣಿ ಕೇಳಿದ್ದು, "ಎಷ್ಟು ದಿನ ಉಂಟು?"
"ಹನ್ನೊಂದು. ಬೇಕಾದರೆ ದಂಡ ಕಟ್ಟಿ ವಾಯಿದೆ ಬೆಳೆಸಬಹುದು."
ಅವರು ಹೊರಗೆ ಹೋಗಿ ಬಂದರು. ಕೈಯಲ್ಲಿ ಒಂದು ಸೆಲ್ಲು.
ಸ್ಟೂಲು ಹತ್ತಿದರು, ಆ ದೇಹಕ್ಕೆ ಸ್ಟೂಲು ನರಳಿತು.
ನಮ್ಮಲ್ಲಿ ಹನ್ನೆರಡೂವರೆ. "ಅಲ್ಲಿ?" ಎಂದರು.
"ಒಂಬತ್ತು. ಲ್ಯಾಬು ತೆರೆಯುವ ಹೊತ್ತು, ಧಣಿ."
ಮುಳ್ಳು ತಿರುಗಿಸಿ, ಗಾಜನ್ನು ಲುಂಗಿಯಂಚಿನಲ್ಲಿ ಒರಸಿ,
ಇಳಿಯದೆ ಅಲ್ಲೇ ನಿಂತು ನೋಡಿದರು
ಅದು ನಡೆಯುತ್ತದೋ ಎಂದು.
"ಫೋನು ನಿಮ್ಮ ಹತ್ತಿರವೇ ಇರಲಿ, ಬಾಯಿ."